ಯಾರೋ ಅಭಿಮಾನಿ ಇರಬೇಕು

ಇಸ್ತ್ರಿ ಅಂಗಡಿ, ಮೆಟ್ಟಿಲ ಕೆಳಗೆ
ಜನವರಿ ಹದಿನೇಳು, ಶನಿವಾರ

ಪ್ರೀತಿಯ ಅಪ್ಪಾ,

ಆರೋಗ್ಯವೇ? ಗಂಟಲು ಹೇಗಿದೆ? ಚಳಿ ಶುರುವಾದಾಗಿನಿಂದ ನಿಮ್ಮ ಮಾತಿನ ನಡುವೆ ಒಂದು ಒಣಕೆಮ್ಮು ನುಗ್ಗುತ್ತಿತ್ತು. ಈಗ ವಾಸಿಯಾಗಿರಬೇಕು. ನಾವು ಇಲ್ಲಿ ಚೆನ್ನಾಗಿದ್ದೇವೆ. ಪತ್ರವನ್ನು ಅಪ್ಪಾ ಎಂದು ಶುರುಮಾಡಲು ನನಗೆ ಸಂಕೋಚವಾಗಲಿಲ್ಲ, ಏಕೆಂದರೆ ರೇಡಿಯೊ ಕೇಳುವವರೆಲ್ಲ ನಿಮ್ಮನ್ನು ಹಾಗೇ ಕರೆಯುತ್ತಾರೆ. ನಿಮಗಿಂತ ಹಿರಿಯರಾದ, ಹಲ್ಲು ಉದುರಿದ ಒಬ್ಬ ಮೇಷ್ಟ್ರು ಕೂಡ ಹೋದ ವಾರ ನಿಮಗೆ ಅಪ್ಪಾ ಎಂದೇ ಬರೆದಿದ್ದರು. ಭಾನುವಾರ ಬೆಳಗ್ಗೆ ನೀವು ಲಕೋಟೆಯನ್ನು ಮೈಕಿನ ಮುಂದೆಯೇ ಹರಿಯುತ್ತೀರಿ. "ಮೊದಲೇ ಕದ್ದು ಓದಿ ಬಂದು ನಾಟಕ ಆಡೋ ಅಭ್ಯಾಸ ನನಗಿಲ್ಲ, ನಿಮ್ಮ ಜೊತೆಗೇ ಮೊದಲ ಸಲ ಓದ್ತೀನಿ" ಎನ್ನುತ್ತೀರಿ. ಆ ಕಾಗದ ಹರಿಯುವ ಸದ್ದು ಕೇಳುಗರಿಗೆಲ್ಲ ಇಷ್ಟ, ನನಗೂ ಇಷ್ಟ. ನಾಳೆಗೆ ಒಂದೇ ವಿಷಯ ಕೊಟ್ಟಿದ್ದೀರಿ: ಹೊಸ ಡಿಜಿಟಲ್ ರೇಡಿಯೊ ಕೊಟ್ಟ ಮಾತು ಉಳಿಸಿಕೊಂಡಿದೆಯೇ, ನಿಮ್ಮ ಅನುಭವ ಬರೆಯಿರಿ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ತಿದ್ದಿಕೊಂಡು ಓದಿ. ಐದನೇ ತರಗತಿಯ ಆಚೆ ನನಗೆ ಶಾಲೆ ಇರಲಿಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ನಮ್ಮ ಬೀದಿಯ ತಿರುವಿನಲ್ಲಿರುವ ಕ್ಷೌರದಂಗಡಿಯವರು ಹೊಸ ರೇಡಿಯೊ ತಂದ ದಿನ ಹೋಗಿ ಬರುವವರನ್ನೆಲ್ಲ ನಿಲ್ಲಿಸಿ ಕೇಳಿಸಿದರು. ನೀವು ಅವರ ಕುರ್ಚಿಯಲ್ಲೇ ಕುಳಿತು ಮಾತಾಡುತ್ತಿದ್ದ ಹಾಗಿತ್ತು. ನೀವು ನೀರು ಕುಡಿದು ಲೋಟ ಇಟ್ಟದ್ದೂ ಕೇಳಿಸಿತು. "ನೋಡಿ, ಎಂಜಲು ನುಂಗಿದ್ದೂ ಗೊತ್ತಾಗುತ್ತೆ!" ಎಂದು ಅವರು ತಾವೇ ಅದನ್ನು ತಯಾರಿಸಿದವರಂತೆ ಬೀಗಿದರು. ಮುಖಕ್ಕೆ ಸಾಬೂನು ಬಳಿಸಿಕೊಂಡು ಕುಳಿತಿದ್ದ ಗಿರಾಕಿ, "ಅವರ ಎಂಜಲು ಕಟ್ಕೊಂಡು ನನಗೇನು, ಮೊದಲು ಈ ಕಡೆ ಕೆನ್ನೆ ಮುಗಿಸಪ್ಪ" ಎಂದ. ಪಕ್ಕದ ದರ್ಜಿಯ ಬಳಿಯೂ ಹೊಸದೇ ಇದೆ. ಆದರೆ ಅದು ಬೇರೆ ಕಂಪನಿಯದು, ಒಂದು ಉಸಿರಿನಷ್ಟು ಹಿಂದೆ ಓಡುತ್ತದೆ. ಆ ತಿರುವಿನಲ್ಲಿ ನಿಂತರೆ ನೀವು ಪ್ರತಿಯೊಂದು ಮಾತನ್ನೂ ಎರಡು ಸಲ ಹೇಳುತ್ತೀರಿ. "ದೊಡ್ಡವರ ಮಾತು ಒಂದೇ ಸಲಕ್ಕೆ ತಲೆಗೆ ಹೋಗಲ್ಲ ಅಂತ ಹೀಗೆ ಮಾಡಿದ್ದಾರೆ" ಎನ್ನುತ್ತಾನೆ ದರ್ಜಿ. ಹತ್ತಾರು ಚಾನೆಲ್ ಬರುತ್ತವೆ ಎಂದಿದ್ದಿರಿ, ಬರುತ್ತವೆ. ಎಲ್ಲದರಲ್ಲೂ ಅವೇ ಹಾಡುಗಳು ಸರದಿಯಲ್ಲಿ ಸುತ್ತುತ್ತವೆ. ಬ್ಯಾಟರಿಯನ್ನಂತೂ ಅದು ಹಸಿದ ನಾಯಿಯ ಹಾಗೆ ತಿನ್ನುತ್ತದೆ. ಹೋಗಲಿ, ಇವೆಲ್ಲ ಸಣ್ಣ ದೂರು.

ನಮ್ಮ ಅಂಗಡಿಯ ವಿಷಯ ಹೇಳುತ್ತೇನೆ. ಅದು ಹಳೆಯ ಮಹಡಿ ಕಟ್ಟಡದ ಮೆಟ್ಟಿಲ ಕೆಳಗಿದೆ. ತಲೆಯ ಮೇಲೆ ಕಬ್ಬಿಣದ ತೊಲೆ, ಮುಂದೆ ಕಬ್ಬಿಣದ ಬಾಗಿಲು, ಉಳಿದ ಮೂರು ಕಡೆ ಗೋಡೆ. ಹಳೆಯ ರೇಡಿಯೊ ಇಲ್ಲಿ ನೆಗಡಿಯಾದವರ ಹಾಗೆ ಗೊರಗೊರ ಎನ್ನುತ್ತಿತ್ತು. ಆದರೆ ಮಂಜಿನಲ್ಲಿ ಬರುವವರು ಯಾರೆಂದು ನಡಿಗೆಯಲ್ಲೇ ಗೊತ್ತಾಗುವುದಿಲ್ಲವೇ, ಹಾಗೆ ಆ ಗೊರಗೊರದ ಒಳಗೂ ನೀವು ಇರುತ್ತಿದ್ದಿರಿ. ಇಸ್ತ್ರಿ ಮಾಡುವ ಅಮ್ಮನಿಗೆ ಅಷ್ಟು ಸಾಕಿತ್ತು. ಆಮೇಲೆ ನೀವು ದಿನವೂ ಹೇಳತೊಡಗಿದಿರಿ. ಹಳೆಯ ಪ್ರಸಾರ ನಿಲ್ಲುತ್ತದೆ, ಹಳೆಯ ಸೆಟ್ಟನ್ನು ಅಂಗಡಿಗೆ ಕೊಟ್ಟು ಹೊಸದು ತನ್ನಿ, ಮನೆಯ ಮೂಲೆಮೂಲೆಗೂ ಗಾಜಿನಂಥ ದನಿ ಬರುತ್ತದೆ, ಇದು ನಿಮ್ಮ ಅಪ್ಪ ಕೊಡುವ ಮಾತು. ನಿಮ್ಮ ಮಾತು ನಂಬಿ ಅಮ್ಮ ಹಳೆಯದನ್ನು ಸೀರೆಯಲ್ಲಿ ಸುತ್ತಿ ಒಯ್ದು ಕೊಟ್ಟು ಬಂದಳು. ಹೊಸದರಲ್ಲಿ ಹಸಿರು ದೀಪ ಹತ್ತಿತು. ಪುಟ್ಟ ಕಿಟಕಿಯಲ್ಲಿ ನಿಮ್ಮ ಕಾರ್ಯಕ್ರಮದ ಹೆಸರು ಅಕ್ಷರ ಅಕ್ಷರವಾಗಿ ಹರಿಯಿತು. ದನಿ ಮಾತ್ರ ಬರಲಿಲ್ಲ. ರೇಡಿಯೊ ಅಂಗಡಿಯವರು ಬಂದು, ಸೆಟ್ಟನ್ನು ತಲೆಯ ಮೇಲೆ ಹೊತ್ತುಕೊಂಡು ಬಟ್ಟೆಗಂಟುಗಳ ನಡುವೆ ಸುತ್ತಿದರು. ಒಂದು ಮೂಲೆಯಲ್ಲಿ ನೀವು "ಎಲ್ಲರಿಗೂ ಶುಭ" ಎಂದು ಅರ್ಧಕ್ಕೇ ನಿಂತಿರಿ. ಅವರು ಬೆವರು ಒರೆಸಿಕೊಂಡು, "ಇದು ಹೀಗೇನಮ್ಮ. ಬಂದ್ರೆ ಪೂರ್ತಿ ಬರುತ್ತೆ, ಇಲ್ಲಾಂದ್ರೆ ಇಲ್ಲವೇ ಇಲ್ಲ. ಮಧ್ಯದ್ದು ಅನ್ನೋದು ಇದರಲ್ಲಿ ಇಲ್ಲ" ಎಂದರು. ಮಧ್ಯದ್ದನ್ನೇ ನಂಬಿ ಬದುಕಿದವರು ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ.

ಇಲ್ಲಿಯವರೆಗೆ ನೀವು ನಗುನಗುತ್ತಾ ಓದಿರುತ್ತೀರಿ. ಇನ್ನು ಮುಂದಿನದೂ ರೇಡಿಯೊ ವಿಷಯವೇ, ಓದಿ. ಆ ಇಸ್ತ್ರಿ ಮೇಜಿನ ಹಿಂದೆ ನಿಂತಿರುವ ಹೆಂಗಸು ನಿಮ್ಮ ಹೆಂಡತಿ. ನಾನು ನಿಮ್ಮ ಮಗಳು. ನೀವು ಚೀಲ ಹಿಡಿದು ಹೊರಟಾಗ ಮೂರನೇ ತರಗತಿಯಲ್ಲಿದ್ದವಳು. "ದನಿ ಪರೀಕ್ಷೆಗೆ ಕರೆದಿದ್ದಾರೆ, ಹೋಗಿ ಬರ್ತೀನಿ" ಎಂದಿರಿ. ಅಮ್ಮ ಬಿಳಿ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. ದನಿ ತೇರ್ಗಡೆಯಾಯಿತು, ಮನುಷ್ಯ ವಾಪಸ್ ಬರಲಿಲ್ಲ. ಆಮೇಲೆ ನೀವು ನಮ್ಮ ಅಂಗಡಿಗೆ ಬಂದದ್ದೆಲ್ಲ ಆ ಗೊರಗೊರದೊಳಗಿನಿಂದಲೇ. ಇಷ್ಟು ವರ್ಷಗಳಲ್ಲಿ ಅಮ್ಮ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಗಿರಾಕಿಗಳು ಬಟ್ಟೆ ಕೊಡುತ್ತಾ, "ಎಂಥ ಮನುಷ್ಯ! ಇವರ ಮನೆಯವರು ಪುಣ್ಯ ಮಾಡಿರ್ಬೇಕು" ಎನ್ನುತ್ತಿದ್ದರು. ಅಮ್ಮ, "ಹ್ಞೂಂ. ಕಾಲರ್‌ಗೆ ಗಂಜಿ ಹಾಕ್ಲಾ?" ಎನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಒಂದು ದಿನ ಕೇಳಿಯೂ ಬಿಟ್ಟೆ, ಆ ರೇಡಿಯೊನ ಯಾಕೆ ಹಾಕ್ತೀಯ ಅಂತ. "ದುಡಿಯೋ ಕೈಗೆ ಒಂದು ಸದ್ದು ಬೇಕು" ಎಂದಳು, ಅಷ್ಟೇ.

ಹೊಸ ರೇಡಿಯೊ ಮೂಕವಾದಾಗ ಅಮ್ಮ ಮಾಡಿದ ತಪ್ಪನ್ನು ನೀವು ಕೇಳಬೇಕು. ನಮ್ಮ ಗೋಡೆ, ಕಬ್ಬಿಣ ದಾಟಿ ಸೆಟ್ಟಿಗೆ ದನಿ ತಲುಪುವುದಿಲ್ಲ ಎಂದು ರೇಡಿಯೊ ಅಂಗಡಿಯವರು ಹೇಳಿದ್ದನ್ನು ಅವಳು ನಂಬಲಿಲ್ಲ. "ದೀಪ ಉರೀತಿದೆ. ಹೆಸರೂ ಬರ್ತಿದೆ ಅಂತ ನೀನೇ ಓದ್ತೀಯ. ಹಾಗಾದ್ರೆ ಸೆಟ್ಟು ಸರಿಯಾಗೇ ಇದೆ. ಮಾತಾಡೋರಿಗೇ ಏನೋ ಆಗಿದೆ" ಎಂದಳು. ಕೆಮ್ಮು ಎದೆಗೆ ಇಳಿದು ನೀವು ಹಾಸಿಗೆ ಹಿಡಿದಿದ್ದೀರಿ ಎಂದು ತೀರ್ಮಾನ ಮಾಡಿಬಿಟ್ಟಳು. ಕ್ಷೌರದಂಗಡಿಯಲ್ಲಿ ಈಗತಾನೇ ಕೇಳಿ ಬಂದೆ, ಗುಂಡುಕಲ್ಲಿನ ಹಾಗಿದ್ದಾರೆ ಎಂದರೆ, "ನನ್ನ ಸಮಾಧಾನಕ್ಕೆ ಹೇಳ್ತೀಯ" ಎಂದಳು. ಬೇಕಾದರೆ ನೀನೇ ಬಂದು ಕೇಳು ಎಂದೆ. "ಗಂಡಸರು ಗಡ್ಡ ಹೆರೆಸ್ಕೊಳ್ಳೋ ಕಡೆ ನಾನು ಹೋಗಿ ನಿಂತ್ಕೊಳ್ಳಲಾ?" ಎಂದಳು. ಅದೇ ಯೋಚನೆಯಲ್ಲಿ ವಕೀಲರ ಅಂಗಿಯ ಬೆನ್ನು ಸುಟ್ಟಳು. ನನಗೆ ಬುದ್ಧಿ ಬಂದಾಗಿನಿಂದ ಅವಳು ಬಟ್ಟೆ ಸುಟ್ಟದ್ದು ಅದೇ ಮೊದಲು. ಬುಧವಾರ ಅಂಗಡಿ ಮುಚ್ಚಿ, ಉಣ್ಣೆಯ ಮಫ್ಲರ್ ಒಂದನ್ನು ಕಾಗದದಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ ನಿಮ್ಮ ಕಚೇರಿಗೆ ಹೊರಟಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ.

ನಿಮ್ಮ ಗೇಟಿನ ಕಾವಲುಗಾರರು ಒಳ್ಳೆಯವರು. ಅವರ ಗೂಡಿನಲ್ಲಿ ಒಂದು ರೇಡಿಯೊ ಇದೆ. ಪ್ರಸಾರದ ಗೋಪುರ ನೆತ್ತಿಯ ಮೇಲೇ ಇರುವುದರಿಂದ ಅಲ್ಲಿ ಒಂದು ಅಕ್ಷರವೂ ಕಡಿಯುವುದಿಲ್ಲ. ನಾವು ಹೋದಾಗ ನೀವು ಅದರಲ್ಲಿ ನಗುತ್ತಿದ್ದಿರಿ. ಅಮ್ಮ ಕಂಬಿ ಹಿಡಿದು ನಿಂತು ಕೇಳಿದಳು. ಅವಳ ಮುಖ ತಿಳಿಯಾಯಿತು. "ಚೆನ್ನಾಗೇ ಇದ್ದಾರೆ, ನಡಿ ಹೋಗೋಣ" ಎಂದಳು. ಆಗಲೇ ಹೊರಟಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಕಾವಲುಗಾರರು, "ಇಷ್ಟು ದೂರ ಬಂದಿದ್ದೀರಿ, ಹಾಡು ಬಂದಾಗ ಒಂದು ಮಾತು ಕೇಳ್ತೀನಿ ಇರಿ" ಎಂದರು. ಹಾಡು ಬಂತು. ಅವರು ಫೋನಿನಲ್ಲಿ, ಇಸ್ತ್ರಿ ಅಂಗಡಿಯಿಂದ ಒಬ್ಬ ತಾಯಿ ಬಂದಿದ್ದಾರೆ, ಜೊತೆಗೆ ಮಗಳಿದ್ದಾಳೆ, ನಿಮಗೆ ಹುಷಾರಿಲ್ಲ ಅಂತ ಹೆದರಿದ್ದಾರೆ ಎಂದರು. ಅವರಿಗೆ ಕಿವಿ ಮಂದ, ಅದಕ್ಕೆ ಫೋನಿನ ದನಿ ಜೋರಾಗಿ ಇಟ್ಟಿರುತ್ತಾರೆ. ಅದು ನಿಮಗೆ ಗೊತ್ತಿರಲಿಲ್ಲ. ನೀವು ಮೊದಲು ಒಂದು ಉಸಿರು ಎಳೆದುಕೊಂಡಿರಿ. ನಿಮ್ಮ ಉಸಿರು ನಮಗೆ ಗುರುತಿದೆ ಅಪ್ಪಾ, ಅದನ್ನು ಕೇಳುತ್ತಲೇ ನಾನು ಬೆಳೆದದ್ದು. ನಿಮಗೂ ನಮ್ಮ ಗುರುತು ಸಿಕ್ಕಿತು. ಆಮೇಲೆ ಹೇಳಿದಿರಿ: "ಯಾರೋ ಅಭಿಮಾನಿ ಇರಬೇಕು. ಒಂದು ಫೋಟೊ ಕೊಟ್ಟು ಕಳಿಸಿಬಿಡಿ."

ಕಾವಲುಗಾರರು ತಲೆ ಎತ್ತದೆ ಡ್ರಾಯರಿನಿಂದ ಒಂದು ಫೋಟೊ ತೆಗೆದು ಕೊಟ್ಟರು. ಕೆಳಗೆ ನಿಮ್ಮ ಸಹಿ, ಪ್ರೀತಿಯಿಂದ ನಿಮ್ಮ ಅಪ್ಪ. ಅಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮಫ್ಲರನ್ನು ಬಿಚ್ಚಿ, "ನೀವು ಹೊರಗೆ ಚಳಿಯಲ್ಲಿ ಕೂರೋರು, ಇದು ನಿಮಗೇ ಇರಲಿ" ಎಂದು ಅವರಿಗೆ ಕೊಟ್ಟಳು. ನಾವು ಬಸ್ಸಿಗೆ ಕಾಯುವಾಗ ಹಾಡು ಮುಗಿದು, ನಿಲ್ದಾಣದ ಚಹಾದಂಗಡಿಯ ಹೊಸ ರೇಡಿಯೊದಲ್ಲಿ ನೀವು ಮತ್ತೆ ಬಂದಿರಿ. ಯಾರೋ ತಂದೆ ಮಗಳ ಜೊತೆ ಮಾತು ಬಿಟ್ಟಿದ್ದಾರಂತೆ, ನೀವು ಅವರಿಗೆ ಬುದ್ಧಿ ಹೇಳಿದಿರಿ. "ಮಕ್ಕಳು ಬಾಗಿಲಿಗೆ ಬಂದಾಗ ಎದ್ದು ಹೋಗಿ ತೆರೀರಿ, ನಾಳೆ ಅವರು ಬರದೇ ಇರಬಹುದು." ನಿಮ್ಮ ಕಂಠ ಸ್ವಲ್ಪ ನಡುಗಿತು. ಬಸ್ ನಿಲ್ದಾಣದಲ್ಲಿ ಒಬ್ಬಾಕೆ ಕಣ್ಣೊರೆಸಿಕೊಂಡರು. ಹೊಸ ರೇಡಿಯೊ ನಿಜಕ್ಕೂ ಬಹಳ ಚೆನ್ನಾಗಿದೆ, ನಡುಕವೂ ಕೇಳುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಗಾದೆ ನನಗೆ ಆವತ್ತು ಅರ್ಥವಾಯಿತು. ಮನೆಗೆ ಬಂದು ಅಮ್ಮ ಅಳಲಿಲ್ಲ. ಮರುದಿನ ವಕೀಲರಿಗೆ ತಂದ ಬದಲಿ ಅಂಗಿ ಮಡಿಸುವಾಗ ಒಳಗಿಡಲು ರಟ್ಟು ಬೇಕಿತ್ತು. ನಿಮ್ಮ ಫೋಟೊ ಸರಿಯಾದ ಅಳತೆಗೆ ಬಂತು. ಅದನ್ನು ಮುಖ ಕೆಳಗಾಗಿ ಇಟ್ಟು, ಮೇಲೆ ತೋಳು ಮಡಚಿ, ಗುಂಡಿ ಹಾಕಿ ಕಳಿಸಿದಳು.

ಅಮ್ಮನಿಗೆ ಅಷ್ಟು ಸಾಕಾಗಿರಬಹುದು. ನನಗೆ ಸಾಲದು. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಪತ್ರಕ್ಕೆ ಶೋಭೆ ಎಂದು ಗೊತ್ತು, ನೀವು ಅಂಥ ಪತ್ರಗಳನ್ನೇ ಮೆಚ್ಚುತ್ತೀರಿ. ಆದರೆ ನಾನು ಕ್ಷಮಿಸಿಲ್ಲ. ನೀವು ಮನೆ ಬಿಟ್ಟದ್ದಕ್ಕೆ ಈ ಪತ್ರವಲ್ಲ. ಅದನ್ನು ನುಂಗಿ ನೀರು ಕುಡಿದಾಗಿದೆ. ಕಾಯಿಲೆ ಎಂದು ಹೆದರಿ ಓಡಿಬಂದವಳನ್ನು ಯಾರೋ ಎಂದಿರಲ್ಲ, ಅದಕ್ಕೆ. ನಿಮಗೆ ಬಾಯಿ ಮಾತ್ರ ಇದೆ ಅಪ್ಪಾ, ಬೇರೆ ಆಸ್ತಿ ಇಲ್ಲ. ಆದ್ದರಿಂದ ಅದಕ್ಕೇ ಕೈ ಹಾಕುತ್ತಿದ್ದೇನೆ. "ಬುಧವಾರ ಗೇಟಿಗೆ ಬಂದವಳು ಯಾರೋ ಅಲ್ಲ, ನನ್ನ ಹೆಂಡತಿ." ಈ ಒಂದು ವಾಕ್ಯವನ್ನು ಅದೇ ಮೈಕಿನಲ್ಲಿ, ಅದೇ ದನಿಯಲ್ಲಿ ಹೇಳಿ. ಮನೆಗೆ ಬರುವುದು ಬೇಡ, ಬಂದರೆ ಕೂರಿಸಲು ಜಾಗವೂ ಇಲ್ಲ. ಹೇಳಿದರೆ ನಿಮ್ಮನ್ನು ಅಪ್ಪಾ ಎನ್ನುವವರಲ್ಲಿ ಅರ್ಧ ಜನ ಉಳಿಯುವುದಿಲ್ಲ. ಅದು ನನಗೆ ಗೊತ್ತಿದೆ, ಗೊತ್ತಿದ್ದೇ ಕೇಳುತ್ತಿದ್ದೇನೆ.

ನೀವು ಇಷ್ಟು ದೂರ ಗಟ್ಟಿಯಾಗಿ ಓದಿರಲಾರಿರಿ. ನಿಮ್ಮ ಹೆಂಡತಿ ಎನ್ನುವ ಸಾಲಿನಲ್ಲಿ ನಾಲಿಗೆ ನಿಂತಿರುತ್ತದೆ. ಹಳೆಯ ರೇಡಿಯೊ ಆಗಿದ್ದರೆ ಆ ಗೊರಗೊರದ ನಡುವೆ ಒಬ್ಬ ಮನುಷ್ಯ ಮಾತು ಹೊರಡದೆ ಕುಳಿತಿದ್ದಾನೆ ಎಂದು ಊರಿಗೆಲ್ಲ ತಿಳಿಯುತ್ತಿತ್ತು. ಈಗ ಹಾಗಲ್ಲ. ನೀವು ಸುಮ್ಮನಾದರೂ ಒಂದೇ, ಸೆಟ್ಟು ಸತ್ತರೂ ಒಂದೇ. ಕ್ಷೌರದಂಗಡಿಯವರು ರೇಡಿಯೊದ ಬೆನ್ನಿಗೆ ಬಡಿಯುತ್ತಾರೆ, ದರ್ಜಿ ಆಂಟೆನಾ ತಿರುಗಿಸುತ್ತಾನೆ, ಎಲ್ಲರೂ ಸೇರಿ ರೇಡಿಯೊ ಅಂಗಡಿಯವರಿಗೆ ಶಾಪ ಹಾಕುತ್ತಾರೆ. ನಿಮ್ಮನ್ನು ಯಾರೂ ಅನುಮಾನಿಸುವುದಿಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಡಿಜಿಟಲ್ ರೇಡಿಯೊ ಕೇಳುವವರಿಗೆ ಕೊಟ್ಟ ಮಾತು ಉಳಿಸಿಕೊಂಡಿಲ್ಲ. ಮಾತಾಡುವವರ ಮಾನ ಮಾತ್ರ ಚೆನ್ನಾಗಿ ಕಾಯುತ್ತದೆ.

ಗಂಟಲು ಜೋಪಾನ. ಬೆಚ್ಚಗಿನ ನೀರು ಕುಡಿಯಿರಿ. ಅಮ್ಮ ನಿಮಗೆ ನಮಸ್ಕಾರ ತಿಳಿಸಲು ಹೇಳಿಲ್ಲ, ಹಾಗಾಗಿ ತಿಳಿಸುತ್ತಿಲ್ಲ.

ಇಂತಿ,
ಯಾರೋ ಅಲ್ಲದ
ನಿಮ್ಮ ಮಗಳು

ತಾ.ಕ.: ಕಾವಲುಗಾರರು ನಿನ್ನೆ ನಮ್ಮ ಅಂಗಡಿ ಹುಡುಕಿಕೊಂಡು ಬಂದು ಇಸ್ತ್ರಿಗೆ ಕೊಟ್ಟುಹೋಗಿದ್ದ ಸಮವಸ್ತ್ರ ಒಯ್ಯಲು ಈಗ ಬಂದು ನಿಂತಿದ್ದಾರೆ. ಪತ್ರಗಳ ಕಟ್ಟನ್ನು ನಿಮ್ಮ ಮೇಜಿಗೆ ತಂದಿಡುವವರು ಅವರೇ ಅಲ್ಲವೇ, ಇದನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ ಎಂದಿದ್ದಾರೆ. ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಮೊದಲು ಅಮ್ಮ, ಏನು ಬರೆದೆ, ಓದು ಎಂದಳು. ಪೂರ್ತಿ ಓದಿದೆ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, "ಊರಿಗೆ ಗೊತ್ತಾಗದಿದ್ರೆ ಹೋಗಲಿ, ನನಗೆ ಗೊತ್ತಾಗ್ಬೇಕು" ಎಂದಳು. ನಾಳೆ ಬೆಳಗ್ಗೆ ನಾವಿಬ್ಬರೂ ನಿಮ್ಮ ಗೇಟಿನ ಗೂಡಿನಲ್ಲಿ ಕುಳಿತಿರುತ್ತೇವೆ. ಅಲ್ಲಿ ರೇಡಿಯೊ ಕಡಿಯುವುದಿಲ್ಲ. ಅಲ್ಲಿ ದನಿ ನಿಂತರೆ ನಿಲ್ಲಿಸಿದವರು ನೀವೇ.