ಆ ತುದಿ ಹಿಡಿಯುವವಳು

ಅಂಗಡಿಯ ಹಿಂದಿನ ಕೋಣೆ,
ಭಾನುವಾರ, ಊಟದ ಮೇಲೆ

ನನ್ನ ಮುದ್ದು ತಂಗೀ,

ಹೇಗಿದ್ದೀಯೆ? ನಿನ್ನ ಮಂಡಿ ಮೆಟ್ಟಿಲು ಹತ್ತಲು ಒಪ್ಪುತ್ತಿದೆಯೇ? ಮಗಳು ಹೊಟ್ಟೆ ತುಂಬ ಉಣ್ಣುತ್ತಾಳೆಯೇ? ಅಳಿಯನ ಕೆಮ್ಮು? ನಮ್ಮ ಗುಬ್ಬಚ್ಚಿ ಗೋಡೆ ಬಿಟ್ಟು ನಡೆಯುತ್ತಾಳಂತೆ. ಮಗಳ ಹೆರಿಗೆಗೆಂದು ಹೋದ ನೀನು ಮೊಮ್ಮಗಳ ಹಿಂದೆ ಓಡುವಷ್ಟು ಕಾಲ ಉಳಿದೆ ಅನ್ನು.

ನೀನು ನನ್ನ ಸೊಂಟದ ವಿಷಯ ಕೇಳಿದ್ದೆ. ಅಂಗಡಿ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಹೋದ ಪತ್ರದಲ್ಲಿ ಬರೆದದ್ದು ಅದರ ದೆಸೆಯಿಂದಲೇ. ಬೆಲ್ಟು ಬಿಗಿದು ಹಲಗೆಯ ಮೇಲೆ ಮಲಗುತ್ತಿದ್ದೆ. ಊರಿಗೆಲ್ಲ ಹಾಸಿಗೆ ಹೊಲಿಯುವವಳು ಹಲಗೆ ಮೇಲೆ ಬಿದ್ದುಕೊಂಡರೆ ಗಿರಾಕಿಗಳು ಏನಂದಾರು ಎಂದು ಪಕ್ಕದ ಇಸ್ತ್ರಿಯವ ನಗುತ್ತಿದ್ದ. ನಕ್ಕಿದ್ದಕ್ಕೋ ಏನೋ, ಅವನ ಸೊಂಟವೂ ಹಿಡಿದುಕೊಂಡಿತು. ಇಬ್ಬರೂ ಒಂದೇ ಗಾಡಿಯಲ್ಲಿ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವನದೇ ಬೊಬ್ಬೆ. ನಾನು ಹಲ್ಲು ಕಚ್ಚಿ ಕೂತಿದ್ದೆ.

ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಇಬ್ಬರ ಬೆನ್ನನ್ನೂ ನೋಡಿ, ಆಮೇಲೆ ಮಾತಿಗೆ ಕೂತಳು. ಬಗ್ಗಲು ಭಯವೇ, ಇಷ್ಟದ ಕೆಲಸ ಬಿಟ್ಟಿರಾ, ಇದು ವಾಸಿಯಾಗುವುದೇ ಇಲ್ಲ ಅನ್ನಿಸುತ್ತದೆಯೇ ಎಂದು ಕೇಳಿದಳು. ಅವನು ಎಲ್ಲಕ್ಕೂ ಇಲ್ಲ ಅಂದ, ನಾಳೆ ಅಂಗಡಿ ತೆರೆಯಬೇಕು ಅಂದ. ನಾನು ಎಲ್ಲಕ್ಕೂ ಹೌದು ಅಂದೆ. ಅವನಿಗೆ, ಓಡಾಡಿಕೊಂಡಿರಿ, ತಾನಾಗಿ ಹೋಗುತ್ತದೆ ಎಂದು ಹೇಳಿ ಕಳಿಸಿದಳು. ನನಗೆ ಮಾತ್ರ ವಾರವಾರವೂ ಬರಬೇಕೆಂದಳು. ಬೊಬ್ಬೆ ಹೊಡೆದವನನ್ನು ಬಿಟ್ಟು ಸುಮ್ಮನಿದ್ದವಳನ್ನು ಹಿಡಿದಿರಲ್ಲ ಎಂದು ಕೇಳಿಯೇಬಿಟ್ಟೆ.

"ಅವರ ನೋವು ಬಂದ ಹಾಗೆ ಹೋಗುತ್ತಮ್ಮಾ. ನಿಮ್ಮದು ಮನೆ ಮಾಡ್ಕೊಳ್ಳೋಕೆ ಜಾಗ ನೋಡ್ತಿದೆ. ಬೆನ್ನು ಗಟ್ಟಿಯಾಗೇ ಇದೆ, ನೀವೇ ಅದನ್ನ ನಂಬ್ತಿಲ್ಲ," ಅಂದಳು.

ಆ ಮಾತು ಹತ್ತಿಯೊಳಗೆ ಉಳಿದ ಬೀಜದ ಹಾಗೆ ಒತ್ತುತ್ತಲೇ ಇತ್ತು. ಈಗ ಬೆಲ್ಟು ಗೂಟ ಸೇರಿದೆ. ಡಾಕ್ಟರಮ್ಮ ಮೊದಲು ದಿಂಬು ಎತ್ತಿಸಿದಳು, ಆಮೇಲೆ ಒರಗುವ ಲೋಡು, ಹೋದ ವಾರ ತೊಟ್ಟಿಲ ಹಾಸಿಗೆ. ನೋವು ಪೂರ್ತಿ ಹೋಗಿಲ್ಲ ಕಣೇ, ಆದರೆ ಅದರ ಮುಖ ನೋಡಿಕೊಂಡು ದಿನ ಕಳೆಯುವುದು ತಪ್ಪಿತು. ದೊಡ್ಡ ಹಾಸಿಗೆಯ ಮುಂದೆ ನಿಂತಾಗ ಮಾತ್ರ ಜೀವ ಹಿಂಡುತ್ತದೆ. ಮಗುಚುವಾಗ ಈ ತುದಿ ನಾನು, ಆ ತುದಿ ನೀನು. "ಅಕ್ಕಾ, ಹೂಂ ಅನ್ನು," ಎಂದು ಕಾಯುತ್ತಿದ್ದೆಯಲ್ಲ. ಈಗಲೂ ಒಬ್ಬಳೇ ನಿಂತು ಹೂಂ ಅಂದುಬಿಡುತ್ತೇನೆ.

ಎಲ್ಲರಿಗೂ ಆಶೀರ್ವಾದ. ಗುಬ್ಬಚ್ಚಿಯ ಕೆನ್ನೆಗೊಂದು ಮುತ್ತು.

ನಿನ್ನ ಅಕ್ಕ

ತಾ.ಕ.: ಅಂಗಡಿ ಕೇಳಲು ಬಂದವರನ್ನು ನಿನ್ನೆ ಹಿಂದಕ್ಕೆ ಕಳಿಸಿದೆ. ಜೋಡಿ ಹಾಸಿಗೆಯೊಂದಕ್ಕೆ ಹತ್ತಿ ತುಂಬಿ ಇಟ್ಟಿದ್ದೇನೆ, ಮಗುಚಿಲ್ಲ. ಇಸ್ತ್ರಿಯವ ಆ ತುದಿ ಹಿಡಿಯಲು ಬಂದ, ಬೇಡ ಅಂದೆ. ಬರುತ್ತೀಯೋ ಇಲ್ಲವೋ, ಬೇಗ ಒಂದು ಸಾಲು ಬರೆ.