ಬಲ ಬೆನ್ನಿನ ದವಡೆ

ಡಾಕ್ಟರಮ್ಮನವರಿಗೆ ನಮಸ್ಕಾರ.

ಗೆಡ್ಡೆ ಬಂದ ನನ್ನ ಕೆಳದವಡೆ ತೆಗೆದು, ಮುಂದೆ ಬಾಯಿಗೆ ಕೂರಿಸುವ ಹೊಸ ಮೂಳೆ ಬೆಳೆಯಲೆಂದು ನೀವು ಬಲ ಬೆನ್ನಿನ ಮಾಂಸಖಂಡದೊಳಗೆ ದವಡೆಯ ಅಚ್ಚು ಇಟ್ಟು ಇಂದಿಗೆ ಏಳು ವಾರ. ಬಾಯಲ್ಲಿ ಹೇಳಲಾಗದ್ದರಿಂದ ಬರೆಯುತ್ತಿದ್ದೇನೆ.

ಭಾರ ಎತ್ತಬೇಡ ಅಂದಿದ್ದಿರಿ. ನಿನ್ನೆ ಜೊತೆಯವರನ್ನು ನೋಡಲು ಗೋದಾಮಿಗೆ ಹೋಗಿದ್ದೆ. "ಊರವರು ಬೆನ್ನ ಹಿಂದೆ ಮಾತಾಡ್ತಾರೆ, ಇವನ ಬಾಯೇ ಬೆನ್ನಿಗೆ ಹೋಗಿದೆಯಲ್ಲಪ್ಪಾ" ಅಂತ ಮೇಸ್ತ್ರಿ ನಗಿಸಿದರು. ಅಷ್ಟರಲ್ಲಿ ಲಾರಿ ಮೇಲಿದ್ದವನು ಯಾರಿಗೋ "ಬೆನ್ನು ಕೊಡೋ" ಅಂದ. ಇಪ್ಪತ್ತು ವರ್ಷದ ಅಭ್ಯಾಸ, ನಾನು ಬಲ ಬೆನ್ನು ಕೊಟ್ಟು ಬಾಗಿಬಿಟ್ಟೆ. ಮೂಟೆ ಹೊತ್ತು ಹತ್ತು ಹೆಜ್ಜೆ ನಡೆದ ಮೇಲೆ ನೆನಪಾಯಿತು.

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಎಡಗೈ ಹಿಂದಕ್ಕೆ ಚಾಚಿ ತಡವಿ ನೋಡುತ್ತೇನೆ. ಮೂಳೆ ಸರಿಯಿದೆಯೋ, ಬಿರುಕು ಬಿಟ್ಟಿದೆಯೋ ತಿಳಿಯುವುದಿಲ್ಲ. "ಅದ್ಯಾಕೆ ಹಾಗೆ ಕೆರ್ಕೋತೀರಿ?" ಅಂತ ಹೆಂಡತಿ ಕೇಳುತ್ತಾಳೆ. ನಾನು ಮತ್ತೆ ಮಾತಾಡುವ ತಿಂಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟವಳು ಅವಳು.

ಸೋಮವಾರದ ಸ್ಕ್ಯಾನ್ ನಾಳೆಯೇ ಮಾಡಿಸಿಕೊಡಿ. ಕೆಟ್ಟಿದ್ದರೆ ಮೊದಲು ನನಗೊಬ್ಬನಿಗೇ ಹೇಳಿ, ಅವಳಿಗೆ ನಾನೇ ಬರೆದು ತಿಳಿಸುತ್ತೇನೆ. ಆಮೇಲೆ ಎಡ ಬೆನ್ನಿನಲ್ಲಿ ಬೆಳೆಸಲಾಗುತ್ತದೆಯೇ ನೋಡಿ. ಆ ಕಡೆ ನಾನು ಒಮ್ಮೆಯೂ ಮೂಟೆ ಹೊತ್ತಿಲ್ಲ.

ಇಂತಿ,
ಹದಿನಾಲ್ಕನೇ ಹಾಸಿಗೆಯಲ್ಲಿದ್ದ ಹಮಾಲಿ