ನಲವತ್ತೆರಡನೆಯ ಚುಕ್ಕೆ

ಸಯನ್, ಮುಂಬಯಿ
೧೪-೨-೧೯೫೬, ಮಂಗಳವಾರ

ಪ್ರಫುಲ್ಲಾಳ ಅಪ್ಪನಿಗೆ,

ನೀಲಾವತಿಯ ನಮಸ್ಕಾರಗಳು. ನಿಮ್ಮನ್ನು ಬೇರೆ ಏನೆಂದು ಕರೆದು ಪತ್ರ ಶುರು ಮಾಡಬೇಕೆಂದು ನಾಲ್ಕೂವರೆ ವರ್ಷದಿಂದ ನನಗೆ ತಿಳಿದಿಲ್ಲ. ಈ ಸಲವೂ ಹೀಗೇ ಇರಲಿ.

ಹುಬ್ಬಳ್ಳಿಯಿಂದ ನೀವು ಬರೆದ ಕಾಗದ ನಿನ್ನೆ ಸಿಕ್ಕಿತು. ಇಪ್ಪತ್ತೈದನೇ ತಾರೀಕು ಶನಿವಾರ ಬರುತ್ತೇನೆ, ಮರುದಿನ ಮಾಟುಂಗಾದಲ್ಲಿ ನಡೆಯುವ ಚಿತ್ರಗಳ ಮಾರಾಟ ನೋಡುತ್ತೇನೆ, ಮಗಳು ಹೇಗಿದ್ದಾಳೆಂದೂ ಕಣ್ಣಾರೆ ನೋಡುತ್ತೇನೆ ಎಂದಿದ್ದೀರಿ. ರೈಲ್ವೆ ಕಚೇರಿಯವರಿಗೇನು, ಪಾಸ್ ಜೇಬಿನಲ್ಲೇ ಇರುತ್ತದೆ, ಹೊರಟರೆ ಆಯಿತು. ಆದರೆ ಈಗ ಬರಬೇಡಿ. ಕೋಣೆಗೆ ಸುಣ್ಣ ಹೊಡೆಸುತ್ತಿದ್ದಾರೆ. ಸಾಮಾನೆಲ್ಲ ವರಾಂಡದಲ್ಲಿದೆ, ನಿಮಗೆ ಕಾಲು ಚಾಚಲೂ ಜಾಗವಿಲ್ಲ. ಮಾರ್ಚ್ ಕಳೆಯಲಿ.

ಪ್ರಫುಲ್ಲಾ ಚೆನ್ನಾಗಿದ್ದಾಳೆ. ಹೊತ್ತು ಹೊತ್ತಿಗೆ ಉಣ್ಣುತ್ತಾಳೆ. ಚಿತ್ರಗಳು ಹನ್ನೊಂದು ಮುಗಿದಿವೆ, ಇನ್ನು ನಾಲ್ಕು ಬಾಕಿ.

ಇಷ್ಟು ಬರೆದು ಎದ್ದು ಹೋಗಿ ಅನ್ನ ಬಸಿದು ಬಂದೆ. ಬಂದು ಓದಿದರೆ ನನಗೇ ನಾಚಿಕೆಯಾಯಿತು. ಸುಣ್ಣವೂ ಇಲ್ಲ, ಗಿಣ್ಣವೂ ಇಲ್ಲ. ಪ್ರಫುಲ್ಲಾ ಚೆನ್ನಾಗಿಲ್ಲ. ಎಂಟು ದಿನದಿಂದ ಅವಳು ಕುಂಚ ಮುಟ್ಟಿಲ್ಲ. ಮುಗಿದ ಹನ್ನೊಂದು ಚಿತ್ರಗಳನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಾಳೆ. ಬಟ್ಟಲು ಗಂಜಿಗಿಂತ ಹೆಚ್ಚು ಇಳಿಯುವುದಿಲ್ಲ. ಕಿಟಕಿಯ ಬದಿಗೆ ಕೂತು ತನ್ನ ಬೆರಳುಗಳನ್ನೇ ಎಣಿಸುತ್ತಾಳೆ, ಹತ್ತಕ್ಕೆ ಬಂದು ಮತ್ತೆ ಒಂದರಿಂದ ಶುರು ಮಾಡುತ್ತಾಳೆ.

ಕಳೆದ ದೀಪಾವಳಿಯಲ್ಲಿ ನಾನು ನಿಮಗೆ ಕೊಟ್ಟ ಮಾತು ಮರೆತಿಲ್ಲ. ಅವಳ ಕೈ ಕೆಲಸ ಮಾಡುವಷ್ಟು ದಿನ ನನ್ನ ಹತ್ತಿರ, ಕೈ ನಿಂತ ದಿನ ನೀವು ಹೇಳಿದ ಮನೋರೋಗಿಗಳ ಆಸ್ಪತ್ರೆಗೆ ಎಂದು ನಾನೇ ಬರೆದುಕೊಟ್ಟಿದ್ದೆ. ಆ ಕೈ ನಿಲ್ಲುವುದಿಲ್ಲ ಎಂಬ ಧೈರ್ಯದಲ್ಲಿ ಬರೆದದ್ದು. ಈಗ ನೀವು ಬಂದು ನೋಡಿದರೆ ಕರೆದುಕೊಂಡು ಹೋಗುತ್ತೀರಿ. ಅದಕ್ಕೇ ಸುಣ್ಣ ಹೊಡೆಸಿದ್ದು.

ನೀವು ಹುಬ್ಬಳ್ಳಿಗೆ ಹೋಗುವಾಗ ಅವಳು ಕಾಗೆ, ಹಲ್ಲಿಗಳನ್ನಷ್ಟೇ ಬರೆಯುತ್ತಿದ್ದಳು. ಈಗಿನ ಕೆಲಸದ ರೀತಿ ನಿಮಗೆ ಗೊತ್ತಿಲ್ಲ. ದಿನಾ ಒಂಬತ್ತೂ ಹತ್ತರ ಲೋಕಲ್ ಹಿಡಿದು ನಾವಿಬ್ಬರೂ ಭಾಯಖಳಾದಲ್ಲಿ ಇಳಿದು ರಾಣಿಬಾಗ್‌ಗೆ ಹೋಗುತ್ತೇವೆ. ಪ್ರಾಣಿಗಳ ತೋಟದಲ್ಲಿ ಅದೇ ಬೆಂಚು, ಅದೇ ಪಂಜರ. ನಾನು ಸ್ವೆಟರ್ ಹೆಣೆಯುತ್ತ ಕೂರುತ್ತೇನೆ, ಮುಂಬಯಿಯಲ್ಲಿ ಅದನ್ನು ಹಾಕುವವರು ಯಾರೆಂದು ಕೇಳಬೇಡಿ. ಆ ಹನ್ನೊಂದರಲ್ಲಿ ಒಂದಾದ ಚಿರತೆಯ ಚಿತ್ರಕ್ಕೆ ಅವಳು ನಲವತ್ತು ದಿನ ತೆಗೆದುಕೊಂಡಳು. ಅದು ಒಂದು ಕಡೆ ನಿಲ್ಲುವ ಪ್ರಾಣಿಯೇ? ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ಅವಳು ಭುಜದ ಮೇಲಿನ ನಾಲ್ಕು ಚುಕ್ಕೆ ನೋಡಿಕೊಂಡು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದಳು. ಒಂದೊಂದರ ಆಕಾರವೂ ಬೇರೆಯಂತೆ, ಒಂದನ್ನೂ ಸುಮ್ಮನೆ ಹಾಕುವ ಹಾಗಿಲ್ಲವಂತೆ. ಮುಖದ ಎಡಭಾಗದಲ್ಲೇ ನಲವತ್ತೊಂದು ಚುಕ್ಕೆ. ಬೆಳಿಗ್ಗೆ ಎದ್ದ ಕೂಡಲೇ ಎಲ್ಲ ಚಿತ್ರಗಳ ಚುಕ್ಕೆ, ಗೆರೆ, ಗರಿಗಳನ್ನೂ ಎಣಿಸಿ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡೇ ಮುಖ ತೊಳೆಯುವುದು.

ಮಾರಾಟದ ಯೋಚನೆ ನನ್ನದು ಎಂದು ನೀವು ತಿಳಿದಿದ್ದೀರಿ. ಅಲ್ಲ. ಇಲ್ಲಿ ಸಯನ್ ಆಸ್ಪತ್ರೆಯ ಹೊರಗೆ ಊರಕಡೆಯಿಂದ ರೋಗಿಗಳ ಜೊತೆ ಬಂದವರು ಫುಟ್‌ಪಾತಿನಲ್ಲಿ ಮಲಗುತ್ತಾರೆ. ಸ್ಟೇಷನ್ನಿಗೆ ಹೋಗುವಾಗ ಪ್ರಫುಲ್ಲಾ ದಿನಾ ಅವರನ್ನೂ ಎಣಿಸುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ದಿನ ಕೊಕ್ಕರೆಯ ಚಿತ್ರ ಸುತ್ತಿಕೊಂಡು, ಬಟ್ಟೆ ಅಂಗಡಿಯ ಸಿದ್ದಲಿಂಗಪ್ಪನವರ ಮುಂದೆ ಇಟ್ಟು, ಇದನ್ನು ಮಾರಿ ಹದಿನೇಳು ಜನಕ್ಕೆ ಕೋಣೆ ಕೊಡಿ ಎಂದಳು. ಬೆಳಗಾವಿಯ ಆ ದೊಡ್ಡ ಮನುಷ್ಯ ನನ್ನ ಹತ್ತಿರ ಬಂದು, "ಅವ್ವಾರ, ನಾವು ದಿನಾ ಅದ ದಾರಿ ಹಿಡದು ಹೋಗತೇವಿ. ಒಬ್ಬರಿಗೂ ಆ ಮಂದಿ ಕಾಣಲಿಲ್ಲ ನೋಡ್ರಿ" ಎಂದರು. ಹೋದ ವರ್ಷದ ಮಾರಾಟದಿಂದ ಒಂದು ಕೋಣೆ ಆಯಿತು. ಈ ವರ್ಷ ಎರಡನೆಯದು ಆಗಬೇಕು.

ಇನ್ನು ಹೇಳಲೇಬೇಕಾದ್ದು. ಐದನೇ ತಾರೀಕು ಭಾನುವಾರ ಸಿದ್ದಲಿಂಗಪ್ಪನವರು ಏಳೆಂಟು ಜನರನ್ನು ಚಿರತೆ ತೋರಿಸಲು ಕರೆತಂದರು. ಸಾಂತಾಕ್ರೂಜಿನಿಂದ ಬಂದ ಒಬ್ಬ ಹೆಂಗಸು ಚಿತ್ರದ ಮುಂದೆ ನಿಂತವಳು ಕಣ್ಣು ಮಿಟುಕಿಸಲಿಲ್ಲ. ಉಸಿರಾಡುತ್ತಿದೆ ಎಂದಳು, ಕೈ ಹೀಗಿರಬೇಕು ಎಂದಳು, ಹತ್ತು ಸಲ ಹೊಗಳಿದಳು. ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಪ್ರಫುಲ್ಲಾಳ ಮೈ ಕಾದಿತ್ತು. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದೆ. ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಕೆನ್ನೆಗೆ ಒಂದು ಬೊಟ್ಟು ಇಡೋಣವೆಂದರೆ ಅವಳು ಮುಖ ಮುಟ್ಟಲು ಬಿಡುವವಳಲ್ಲ. ತೊಟ್ಟಿಲಲ್ಲಿದ್ದಾಗಲೂ ಬಿಡಲಿಲ್ಲ, ನಿಮಗೆ ನೆನಪಿರಬಹುದು. ಹತ್ತೊಂಬತ್ತು ವರ್ಷದಲ್ಲಿ ಮಗಳ ಕೆನ್ನೆಗೆ ದೃಷ್ಟಿಬೊಟ್ಟು ಇಡದ ತಾಯಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಚಿರತೆ ಬೇಡವೆನ್ನಲಿಲ್ಲ. ಕಾಡಿಗೆ ಡಬ್ಬಿಯಿಂದ ಕಿರುಬೆರಳ ತುದಿಗೆ ಹಚ್ಚಿಕೊಂಡು ಅದರ ಎಡಗೆನ್ನೆಯಲ್ಲಿ ಒಂದು ಬೊಟ್ಟು ಇಟ್ಟೆ. ಅಷ್ಟು ಚುಕ್ಕೆಗಳ ನಡುವೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಯಾರ ತಾಯಿ ನಾನು ಎಂಬುದೇ ಮರೆತಿತ್ತು.

ಸೋಮವಾರ ಬೆಳಿಗ್ಗೆ ಎಣಿಸಿದಳು. ನಲವತ್ತೆರಡು. ಮತ್ತೆ ಎಣಿಸಿದಳು. ಜ್ವರದಲ್ಲೇ ಭಾಯಖಳಾಕ್ಕೆ ಹೊರಟಳು, ನಾನೂ ಓಡಿದೆ. ಅಲ್ಲಿ ಎರಡು ತಾಸು ನಿಂತು ಎಣಿಸಿದರೆ ನಲವತ್ತೊಂದೇ. ಮನೆಗೆ ಬಂದರೆ ನಲವತ್ತೆರಡು. ಆಮೇಲೆ ಕುಂಚಗಳನ್ನೆಲ್ಲ ತೊಳೆದು ಕಟ್ಟಿಟ್ಟು, ನನ್ನ ಕಡೆ ನೋಡದೆ ಹೇಳಿದಳು:

"ಅಮ್ಮ, ನನ್ನ ಕಣ್ಣು ಸುಳ್ಳು ಹೇಳ್ತದೆ. ಇನ್ನು ಬರೀಲಿಕ್ಕೆ ಆಗುವುದಿಲ್ಲ."

ನಾನಲ್ಲಿ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ಹತ್ತಿಯಿಂದ ಒರೆಸಲು ನೋಡಿದೆ, ಕಾಡಿಗೆಯ ಎಣ್ಣೆ ಕಾಗದದೊಳಗೆ ಇಳಿದುಬಿಟ್ಟಿದೆ. ಅಂದಿನಿಂದ ದಿನಕ್ಕೆ ಹತ್ತು ಸಲ ಅವಳ ಪಕ್ಕ ಹೋಗಿ ಕೂರುತ್ತೇನೆ, ಹೇಳುವ ಬದಲು ಗಂಜಿ ಬೇಕಾ ಎಂದು ಕೇಳಿ ಎದ್ದು ಬರುತ್ತೇನೆ.

ಏಕೆಂದು ನಿಮಗಲ್ಲದೆ ಬೇರೆ ಯಾರಿಗೂ ಅರ್ಥವಾಗದು. ಆರು ವರ್ಷದ ಹಿಂದೆ ರಾಣಿಬಾಗ್‌ಗೆ ಹೋಗೋಣವೆಂದು ಹೇಳಿ ಅವಳನ್ನು ಹೊರಡಿಸಿ, ಪರೇಲಿನಲ್ಲಿ ಇಳಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಿರಿ. ಅವಳಿಗೆ ಡಾಕ್ಟರ ಹೆದರಿಕೆ ಇರಲಿಲ್ಲ. ಹೇಳಿದ್ದು ಒಂದು, ಇಳಿದದ್ದು ಒಂದು, ಅಷ್ಟೇ. ಅಂದಿನಿಂದ ಅವಳು ನಿಮ್ಮ ಹತ್ತಿರ ಒಂದು ಮಾತೂ ಆಡಲಿಲ್ಲ. ಎದುರು ಕೂತು ಉಂಡು, ಒಂದು ಶಬ್ದ ಕೇಳದೆ ಏಳುತ್ತ ಒಂದೂವರೆ ವರ್ಷ ಕಳೆದು ನೀವು ವರ್ಗ ಮಾಡಿಸಿಕೊಂಡು ಹೋದಿರಿ. ನಾನು ನಿಮ್ಮನ್ನು ಏನೇನು ಅಂದಿದ್ದೆ! ಮಗುವಿಗೆ ಮೋಸ ಮಾಡಿದವರು ಎಂದೆ, ಅವಳ ಮನಸ್ಸು ತಿಳಿಯದ ಕಲ್ಲು ಎಂದೆ. ಈಗ ಅದೇ ಮೋಸ ನಾನೂ ಮಾಡಿದ್ದೇನೆ. ಅದೂ ಚಿತ್ರದಲ್ಲಿ, ಅವಳ ಜೀವ ಇರುವ ಜಾಗದಲ್ಲಿ.

ಹೇಳಿದರೆ ಅವಳ ಕಣ್ಣಿನ ಮೇಲೆ ಅವಳಿಗೆ ನಂಬಿಕೆ ಮರಳಬಹುದು. ಆದರೆ ನನ್ನನ್ನು ಅಮ್ಮ ಎಂದು ಮತ್ತೆ ಕರೆಯುವುದಿಲ್ಲ. ಹೇಳದಿದ್ದರೆ ಅಮ್ಮ ಎನ್ನುತ್ತಲೇ ಇರುತ್ತಾಳೆ, ಆಸ್ಪತ್ರೆಯ ವಾರ್ಡಿನಿಂದ. ಇಷ್ಟು ಸ್ಪಷ್ಟವಾಗಿ ಬರೆದ ಮೇಲೂ ನನಗೆ ಧೈರ್ಯ ಬರುತ್ತಿಲ್ಲ ಎಂದರೆ ನೀವು ನಗಬೇಡಿ. ಇಡೀ ದಿನದಲ್ಲಿ ನನ್ನ ಜೊತೆ ಮಾತಾಡುವುದು ಅವಳೊಬ್ಬಳೇ. ಬರೇ ಲೋಕಲ್ಲಿನ ಟೈಮು, ಪ್ರಾಣಿಗಳ ಲೆಕ್ಕ, ಇವತ್ತು ಗುಬ್ಬಿ ಎಷ್ಟು ಬಂದವು ಎಂಬುದೇ ಆದರೂ ಅದು ನನಗೆ ಬೇಕು.

ಅದರಿಂದ ಕೇಳಿಕೊಳ್ಳುತ್ತೇನೆ, ನನಗೆ ಒಂದು ತಿಂಗಳು ಕೊಡಿ. ಏನಾದರೂ ದಾರಿ ಹುಡುಕುತ್ತೇನೆ. ಈ ಸಲ ಬರಬೇಡಿ.

ಇತಿ,
ಹಾಗೆ ಬರೆಯುವ ಹಕ್ಕು ಇನ್ನೂ ಇದ್ದರೆ, ನಿಮ್ಮ
ನೀಲಾವತಿ

ತಾ.ಕ. ೧೭-೨-೧೯೫೬, ಶುಕ್ರವಾರ. ಮೇಲಿನದನ್ನು ಅಂಚೆಗೆ ಹಾಕಲು ಕೈ ಬರಲಿಲ್ಲ. ಬುಧವಾರ ಬೆಳಿಗ್ಗೆ ಅವಳ ಮುಂದೆ ಕೂತು, ಕಾಡಿಗೆ ಡಬ್ಬಿ ತೋರಿಸಿ, ಇಟ್ಟದ್ದು ನಾನು ಎಂದು ಹೇಳಿಬಿಟ್ಟೆ. ಅವಳು ಚಿರತೆಯನ್ನು ತಿರುಗಿಸಿ ಆ ಬೊಟ್ಟನ್ನು ಬೆರಳಿನಿಂದ ಮುಚ್ಚಿ ನಲವತ್ತೊಂದರವರೆಗೆ ಎಣಿಸಿದಳು. ಎರಡು ಬಟ್ಟಲು ಅನ್ನ ಉಂಡಳು. ಕುಂಚದ ಕಟ್ಟು ಬಿಚ್ಚಿದಳು, ಬಾಕಿ ನಾಲ್ಕರಲ್ಲಿ ಒಂದು ಆಗಲೇ ಅರ್ಧವಾಗಿದೆ. ಚಿರತೆಯ ಕೆಳಗೆ ಒಂದು ಚೀಟಿ ಅಂಟಿಸಿದ್ದಾಳೆ: ‘ಇದರಲ್ಲಿ ಒಂದು ಚುಕ್ಕೆ ಚಿರತೆಯದಲ್ಲ. ಅಮ್ಮ ಇಟ್ಟದ್ದು.’ ಕೊಳ್ಳುವವರು ಏನೆಂದುಕೊಳ್ಳುತ್ತಾರೆ, ಚೀಟಿ ತೆಗೆಯೋಣ ಎಂದು ಸಿದ್ದಲಿಂಗಪ್ಪನವರು ಕೇಳಿ ನೋಡಿದರು, ಅವಳು ಒಪ್ಪಲಿಲ್ಲ. ಅವರ ಹತ್ತಿರ ಮಾತಾಡಿದಳು. ನನ್ನ ಹತ್ತಿರ ಇಲ್ಲ. ಬೆಳಿಗ್ಗೆ ಲೋಕಲ್ಲಿನಲ್ಲಿ ಪಕ್ಕದಲ್ಲೇ ಕೂರುತ್ತಾಳೆ, ಬಡಿಸಿದ್ದನ್ನು ಉಣ್ಣುತ್ತಾಳೆ, ಒಂದು ಶಬ್ದವಿಲ್ಲ. ಇವತ್ತಿಗೆ ಮೂರು ದಿನ. ಇದನ್ನು ನೀವು ಒಂದೂವರೆ ವರ್ಷ ಹೇಗೆ ತಡೆದುಕೊಂಡಿರಿ? ನಾನು ಒಮ್ಮೆಯೂ ಕೇಳಲಿಲ್ಲ. ನೀವು ಹೇಳಿದ ಶನಿವಾರವೇ ಬನ್ನಿ.